ಪುಟ್ಟ ಅಲ್ಯೂಮಿನಿಯಂ ದೋಣಿಗೆ ಸೀಟು ಕೂರಿಸುವುದು, ತೊಳೆಯುವುದು: ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಮಿನೆಸೋಟಾದಲ್ಲಿ ಮನೆ ಮಾಡಿದವರಿಗೆ ಇವತ್ತಲ್ಲ ನಾಳೆ ಒಂದು ದೋಣಿ ಗಂಟು ಬೀಳುತ್ತದೆ. ಹತ್ತು ಎಕರೆಗೆ ಕಡಿಮೆಯಿಲ್ಲದ ಕೆರೆಗಳನ್ನೇ ಎಣಿಸಿದರೂ ಈ ರಾಜ್ಯದಲ್ಲಿ 11,842 ಇವೆ. ಪಕ್ಕದ ಮನೆಯ ಅಂಗಳದಲ್ಲಿ ದೋಣಿ, ಆಫೀಸಿನ ಗೆಳೆಯನ ಗ್ಯಾರೇಜಿನಲ್ಲಿ ದೋಣಿ. ಕೊನೆಗೆ ನಮ್ಮ ಮನೆಗೂ ಒಂದು ಬಂತು. 14 ಅಡಿ ಉದ್ದದ, ರಿವೆಟ್ ಹೊಡೆದ, ಬಣ್ಣ ಮಾಸಿದ ಹಳೇ ಅಲ್ಯೂಮಿನಿಯಂ ದೋಣಿ. ಎಂಜಿನ್ ಸರಿಯಿತ್ತು, ತಳ ಸೋರುತ್ತಿರಲಿಲ್ಲ. ಆದರೆ ಆ ತಗಡಿನ ಬೆಂಚಿನ ಮೇಲೆ ಮೂರು ಗಂಟೆ ಕೂತು ಎದ್ದರೆ ಸೊಂಟ ನಮ್ಮದೇ ಅಂತ ನಂಬೋದು ಕಷ್ಟವಾಗುತ್ತಿತ್ತು.

ಊರಲ್ಲಿ ತೆಪ್ಪದಲ್ಲಿ ಹೊಳೆ ದಾಟುವಾಗ ಕುಕ್ಕರಗಾಲಲ್ಲಿ ಕೂತವನು ನಾನು. ಸೀಟಿಗೆ ಏನು ಮಹಾ, ಒಂದು ಹಲಗೆ, ನಾಲ್ಕು ಸ್ಕ್ರೂ ಸಾಕು ಅಂದುಕೊಂಡೆ. ಅಂಗಡಿಯಲ್ಲಿ ಸಿಕ್ಕ ಹಸಿರು ಛಾಯೆಯ ಟ್ರೀಟೆಡ್ ಪ್ಲೈವುಡ್ ತಂದೆ. ಮಳೆಗೆ ಕೊಳೆಯಲ್ಲ ಅಂತ ಅದರ ಮೇಲೇ ಬರೆದಿತ್ತು. ಸಾದಾ ಕಬ್ಬಿಣದ ಸ್ಕ್ರೂ ಬಿಗಿದು, ಮೇಲೆ ಎರಡು ಸೀಟು ಕೂರಿಸಿದೆ. ಮೂರನೇ ಬೇಸಿಗೆಯಲ್ಲಿ ಹಲಗೆ ಎತ್ತಿ ನೋಡಿದರೆ, ಅದು ಕೊಳೆತಿರಲಿಲ್ಲ ನಿಜ. ಕೊಳೆತಿದ್ದು ಬೆಂಚು! ಬಿಳಿ ಪುಡಿ, ಅದರಡಿ ಗೆದ್ದಲು ತಿಂದ ಹಾಗೆ ಸಣ್ಣ ಸಣ್ಣ ಗುಳಿ. ಈ ಬರಹ ಹುಟ್ಟಿದ್ದು ಆ ಗುಳಿಗಳಿಂದ. ಸೀಟು ಹಾಳಾದರೆ ಹೊಸದು ತರಬಹುದು. ಬೆಂಚು ಹಾಳಾದರೆ ದೋಣಿಯೇ ಹೋದಂತೆ.

ಬೆಂಚು ಅಂದರೆ ಬರೀ ಬೆಂಚಲ್ಲ

ಹಳೇ ಅಲ್ಯೂಮಿನಿಯಂ ದೋಣಿಯಲ್ಲಿ ಸಾಮಾನ್ಯವಾಗಿ ಮೂರು ಅಡ್ಡ ಬೆಂಚು ಇರುತ್ತವೆ. ಮುಂದೊಂದು, ನಡುವೆ ಒಂದು, ಎಂಜಿನ್ ಹತ್ತಿರ ಒಂದು. ಇವು ಎರಡು ದೊಡ್ಡ ಕೆಲಸ ಮಾಡುತ್ತವೆ, ಕೂರುವುದು ಮೂರನೆಯದು.

ಮೊದಲನೆಯದು, ದೋಣಿಯ ಎರಡು ಮಗ್ಗುಲನ್ನು ಹಿಡಿದಿಡುವುದು. ತಗಡಿನ ದಪ್ಪ ಎರಡು ಮಿಲಿಮೀಟರ್ ಆಸುಪಾಸು ಅಷ್ಟೇ. ಮನೆಗೆ ತೊಲೆ ಇದ್ದಂತೆ ದೋಣಿಗೆ ಈ ಬೆಂಚು. ಓಡಾಡಲು ಜಾಗವಾಗಲಿ ಅಂತ ನಡುವಿನ ಬೆಂಚು ಕತ್ತರಿಸಿ ಎಸೆಯುವವರಿದ್ದಾರೆ. ಆಮೇಲೆ ಅಲೆ ಹೊಡೆದಾಗಲೆಲ್ಲ ಮಗ್ಗುಲು ಉಸಿರಾಡಿದಂತೆ ಒಳಗೆ ಹೊರಗೆ ಆಡುತ್ತದೆ, ರಿವೆಟ್ ಸಡಿಲವಾಗುತ್ತದೆ, ನೀರು ಒಸರುತ್ತದೆ. ಬೇರೆ ಆಧಾರ ಕಟ್ಟಲು ಗೊತ್ತಿಲ್ಲದಿದ್ದರೆ ಬೆಂಚಿಗೆ ಗರಗಸ ಮುಟ್ಟಿಸಬೇಡಿ.

ಎರಡನೆಯದು, ತೇಲಿಸುವುದು. ಬೆಂಚಿನ ಹೊಟ್ಟೆಯಲ್ಲಿ ಫೋಮ್ ತುಂಬಿರುತ್ತದೆ. ಅಮೆರಿಕದಲ್ಲಿ 1971ರ ಫೆಡರಲ್ ಬೋಟ್ ಸೇಫ್ಟಿ ಆಕ್ಟ್ ಬಂದ ಮೇಲೆ, 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಲ್ಲಿ ಇಂಥ ತೇಲುವ ವಸ್ತು ಇರಬೇಕು ಅನ್ನುವ ನಿಯಮ ಮಾಡಿದರು. ಲೆಕ್ಕ ಸುಲಭ. ಒಂದು ಘನ ಅಡಿ ನೀರು ಸುಮಾರು 62 ಪೌಂಡ್ ತೂಗುತ್ತದೆ. ಅಷ್ಟೇ ಜಾಗದ ಫೋಮ್ ಎರಡು ಪೌಂಡ್ ತೂಗಿತು ಅಂತಿಟ್ಟುಕೊಳ್ಳಿ. ಅಂದರೆ ಅದು 60 ಪೌಂಡ್ ಹೊತ್ತು ತೇಲಬಲ್ಲದು. ದೋಣಿಯೊಳಗೆ ನೀರು ತುಂಬಿದರೂ ಅದು ಮುಳುಗದೆ, ನೀವು ಹಿಡಿದುಕೊಂಡು ಬದುಕುವಂತೆ ಮಾಡುವುದು ಈ ಫೋಮ್. ಸೀಟಿನ ಕೆಳಗೆ ಸಾಮಾನು ಇಡಲು ಗೂಡು ಮಾಡೋಣ ಅಂತ ಅದನ್ನು ಕಿತ್ತುಹಾಕುವ ಆಸೆ ಬಂದರೆ ಇದನ್ನು ನೆನಪಿಸಿಕೊಳ್ಳಿ.

ಫೋಮ್ ನೀರು ಕುಡಿದಿದೆಯಾ ನೋಡಿ

ಸೀಟು ಕೂರಿಸುವ ಮೊದಲೇ ಈ ಪರೀಕ್ಷೆ ಮಾಡಿ. ಕೂರಿಸಿದ ಮೇಲೆ ಬಿಚ್ಚಲು ಮನಸ್ಸು ಬರುವುದಿಲ್ಲ. ಹಳೇ ಫೋಮ್ ವರ್ಷಗಟ್ಟಲೆ ನೀರಲ್ಲಿ ನೆಂದರೆ ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಬೆಂಚನ್ನು ಬೆರಳ ಗೆಣ್ಣಿನಿಂದ ಕುಟ್ಟಿ. ಹಲಸಿನ ಹಣ್ಣು ಕುಟ್ಟಿ ನೋಡಿದ ಅಭ್ಯಾಸ ಇದ್ದವರಿಗೆ ಇದು ಬೇಗ ಒಲಿಯುತ್ತದೆ. ಮೇಲ್ಗಡೆ ಟಣ್ ಅಂದು, ಕೆಳಕ್ಕೆ ಬಂದಂತೆ ಸದ್ದು ಮಂದವಾದರೆ ಅನುಮಾನ ಪಡಿ. ಬೆಂಚಿನ ಲಂಬ ಮುಖದಲ್ಲಿ, ಆದಷ್ಟು ಕೆಳಗೆ, ಒಂದು ಸಣ್ಣ ತೂತು ಹಾಕಿ ತಂತಿ ಒಳಗೆ ತೂರಿಸಿ ತೆಗೆಯಿರಿ. ತಂತಿ ಒದ್ದೆಯಾಗಿ ಬಂದರೆ ಉತ್ತರ ಸಿಕ್ಕಿತು. ತೂತು ಬೆಂಚಿನ ಮುಖದಲ್ಲಿ ಮಾತ್ರ ಇರಲಿ, ದೋಣಿಯ ತಳದ ಹತ್ತಿರಕ್ಕೂ ಡ್ರಿಲ್ ಹೋಗಬಾರದು.

ಸ್ವಲ್ಪ ತೇವವಿದ್ದರೆ ದೋಣಿಯ ಮೂತಿ ಎತ್ತಿಟ್ಟು, ಒಳಗಿನ ನೀರು ಆ ತೂತಿನ ಕಡೆಗೇ ಇಳಿಯುವ ಹಾಗೆ ಮಾಡಿ, ಕೆಲವು ವಾರ ಒಣಗಲು ಬಿಡಬಹುದು. ಪೂರ್ತಿ ನೆಂದಿದ್ದರೆ ಬದಲಿಸುವುದೇ ಸರಿ. ಬೆಂಚಿನ ಮೇಲಿನ ತಗಡಿನ ರಿವೆಟ್ ಕೊರೆದು ಬಿಚ್ಚಿ, ಹಳೆಯದನ್ನು ತೆಗೆದು, ಗುಲಾಬಿ ಅಥವಾ ನೀಲಿ ಬಣ್ಣದ ಇನ್ಸುಲೇಷನ್ ಫೋಮ್ ಹಾಳೆಗಳನ್ನು ಕತ್ತರಿಸಿ ಒತ್ತೊತ್ತಾಗಿ ತುಂಬುತ್ತಾರೆ. ಇದು ಪಾಲಿಸ್ಟೈರೀನ್, ಪೆಟ್ರೋಲು ತಾಗಿದರೆ ಕರಗಿ ಹೋಗುತ್ತದೆ. ಎಂಜಿನ್ ಪಕ್ಕದ ಬೆಂಚಿಗೆ ಪಾಲಿಯುರೆಥೇನ್ ಫೋಮೇ ವಾಸಿ.

ಮೊದಲ ತೊಳೆತ

ಜೋಡಣೆಗಿಂತ ಮೊದಲು ಶುದ್ಧಿ. ಹಳೇ ಸೀಟು, ಕಾರ್ಪೆಟ್ಟು, ಹಲಗೆ ಏನಿದ್ದರೂ ತೆಗೆಯಿರಿ. ಬೆಂಚಿನ ಮೇಲೆ ಕಾರ್ಪೆಟ್ ಅಂಟಿಸಿದ್ದರೆ ಅದನ್ನು ಮರುಮಾತಿಲ್ಲದೆ ಕಿತ್ತೊಗೆಯಿರಿ. ಚಂದ ಕಾಣುತ್ತದೆ ನಿಜ, ಆದರೆ ಮಳೆ ಬಂದ ನಾಲ್ಕು ದಿನಕ್ಕೂ ಅದರಡಿ ಒದ್ದೆ ಆರುವುದಿಲ್ಲ. ಅಂಟನ್ನು ಪ್ಲಾಸ್ಟಿಕ್ ಹೆರೆಯುವ ಪಟ್ಟಿಯಿಂದ ಕೆರೆಯಿರಿ, ಕಬ್ಬಿಣದ್ದು ಬೇಡ.

ತಳದ ಬಿರಡೆ ತೆಗೆದು, ಹಿಂಬದಿ ಇಳಿಜಾರಾಗುವಂತೆ ಟ್ರೇಲರಿನ ಮೂತಿ ಎತ್ತಿ. ಬರೀ ತಣ್ಣೀರಿನಿಂದ ಒಂದು ಸಲ ಹೊಡೆಯಿರಿ. ಮೀನಿನ ರಕ್ತ, ಲೋಳೆ ಇದ್ದರೆ ಬಿಸಿನೀರು ಹಾಕಬೇಡಿ. ಮೊಟ್ಟೆ ಒಡೆದ ಪಾತ್ರೆಗೆ ಬಿಸಿನೀರು ಹಾಕಿದರೆ ಏನಾಗುತ್ತದೆ ಅಂತ ಅಡುಗೆಮನೆ ಕಂಡವರಿಗೆ ಗೊತ್ತು, ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಪ್ಲಾಸ್ಟಿಕ್ ಬ್ರಷ್. ಮುಕ್ಕಾಲು ಪಾಲು ಕೊಳೆ ಇಷ್ಟಕ್ಕೇ ಹೋಗುತ್ತದೆ.

ಉಳಿಯುವುದು ಬಣ್ಣವಿಲ್ಲದ ಕಡೆಯ ಬಿಳಿ ಪುಡಿ ಮತ್ತು ಮಬ್ಬು. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಮೂಲೆಯಲ್ಲಿ ಒಂದು ಕಡೆ ಹಚ್ಚಿ ನೋಡಿ. ಐದು ನಿಮಿಷ ಬಿಟ್ಟು ಉಜ್ಜಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಕನ್ನಡಿಯಂತೆ ಹೊಳೆಯಬೇಕು ಅಂತ ಹಟ ಬೇಡ. ಅಲ್ಯೂಮಿನಿಯಮ್ಮಿನ ಮೇಲಿನ ಮಂದ ಬೂದು ಪದರವೇ ಅದರ ಕವಚ. ಬಣ್ಣ ಬಳಿದ ಬೆಂಚಿಗಂತೂ ವಿನೆಗರ್ ಬೇಕಾಗುವುದೇ ಇಲ್ಲ.

ಏನು ಹಾಕಬಾರದು ಅನ್ನೋದು ಇದಕ್ಕಿಂತ ಮುಖ್ಯ. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ, ಒಲೆ ತೊಳೆಯುವ ಕ್ಲೀನರ್ ಯಾವುದೂ ಬೇಡ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕಪ್ಪು ಮಾಡಿಕೊಂಡ ಮನೆ ನಮ್ಮಲ್ಲಿ ಎಷ್ಟಿಲ್ಲ! ಕ್ಷಾರ ಈ ಲೋಹವನ್ನು ತಿನ್ನುತ್ತದೆ. ಬ್ಲೀಚ್ ಕೂಡ ಕೆಟ್ಟದ್ದು. ಸ್ಟೀಲ್ ಉಲ್ಲನ್, ಕಬ್ಬಿಣದ ತಂತಿಬ್ರಷ್ ಕೂಡ ಬೇಡ. ಅವುಗಳ ಕಣ ತಗಡಿನಲ್ಲಿ ಸಿಕ್ಕಿಕೊಂಡು ವಾರದಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಇನ್ನೊಂದು ಮಾತು, ಜೀವಕ್ಕೆ ಸಂಬಂಧಿಸಿದ್ದು: ಬ್ಲೀಚಿಗೆ ವಿನೆಗರ್ ಅಥವಾ ಅಮೋನಿಯಾ ಯಾವತ್ತೂ ಬೆರೆಸಬೇಡಿ. ವಿಷಗಾಳಿ ಏಳುತ್ತದೆ.

ಎಲ್ಲಿ ಕೂರಬೇಕು, ಎಷ್ಟು ಎತ್ತರ

ಅಂಗಡಿಗೆ ಹೋಗುವ ಮೊದಲು ದೋಣಿಯಲ್ಲಿ ಕೂತು ಯೋಚಿಸಿ. ಟ್ರೇಲರ್ ಕಾರಿಗೆ ಸಿಕ್ಕಿಸಿಯೇ ಹತ್ತಿ. ಬಿಡಿ ಟ್ರೇಲರಿನ ಮೇಲಿರುವ ದೋಣಿಯ ಹಿಂಬದಿಗೆ ಹತ್ತಿದರೆ ಏತ ಎತ್ತಿದ ಹಾಗೆ ಮೂತಿ ಮೇಲೇಳುತ್ತದೆ. ನಾನು ಒಮ್ಮೆ ಹಾಗೆ ಹಾರಿದ್ದೇನೆ, ಪಕ್ಕದ ಮನೆಯ ಅಜ್ಜ ಇವತ್ತಿಗೂ ನೆನಪಿಸಿ ನಗುತ್ತಾರೆ.

ಹಿಂದಿನ ಸೀಟಿನಲ್ಲಿ ಕೂತವರ ಕೈಗೆ ಎಂಜಿನ್ನಿನ ಹಿಡಿ ಸಲೀಸಾಗಿ ಸಿಗಬೇಕು. ಅಡ್ಡ ಕೂತು ಒಂದು ಕೈ ಹಿಂದೆ ಚಾಚುವ ಭಂಗಿ ಅದು. ಹಿಡಿಯನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಅದು ಸೀಟಿನ ಬೆನ್ನಿಗೆ ತಾಗಬಾರದು. ಒಂದೇ ಬೆಂಚಿಗೆ ಎರಡು ಸೀಟಾದರೆ ಎರಡೂ ನಡುಗೆರೆಯಿಂದ ಸಮ ದೂರದಲ್ಲಿರಲಿ, ಮಧ್ಯೆ ಕಾಲಿಟ್ಟು ದಾಟುವಷ್ಟು ಜಾಗ ಬಿಡಿ. ರಟ್ಟಿನಲ್ಲಿ ಸೀಟಿನ ಅಳತೆಯ ತುಂಡು ಕತ್ತರಿಸಿ ಬೆಂಚಿನ ಮೇಲೆ ಸರಿಸಾಡಿ ನೋಡಿದರೆ ಅಳತೆಪಟ್ಟಿಗಿಂತ ಚೆನ್ನಾಗಿ ತಿಳಿಯುತ್ತದೆ.

ಎತ್ತರದ ವಿಷಯದಲ್ಲಿ ನಾನು ಜಿಪುಣ. ಕೂರುವ ಜಾಗ ಮೇಲೇರಿದಷ್ಟೂ ದೋಣಿ ವಾಲಾಡುತ್ತದೆ. ಸ್ವಿವೆಲ್ ಅಂದರೆ ತಿರುಗುವ ತಟ್ಟೆ ಒಂದೆರಡು ಇಂಚು, ಮೇಲೆ ಸೀಟಿನ ದಪ್ಪ, ಅಷ್ಟು ಸಾಕು. 12 ಅಥವಾ 14 ಅಡಿಯ ದೋಣಿಗೆ ಕಂಬದ ಮೇಲಿನ ಎತ್ತರದ ಸೀಟು ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ದೊಡ್ಡ ದೋಣಿಗಳಲ್ಲಿ ನಿಂತಂತೆ ಒರಗಿ ಮೀನು ಹಿಡಿಯಲು ಸೈಕಲ್ ಸೀಟಿನಂಥ ಒಂದು ಬರುತ್ತದೆ. ದೋಣಿ ಗಂಟೆಗೆ 5 ಮೈಲಿಗಿಂತ ಜೋರಾಗಿ ಹೋಗುವಾಗ ಅದರ ಮೇಲೆ ಕೂರಬೇಡಿ ಅಂತ ಅದಕ್ಕೇ ಚೀಟಿ ಅಂಟಿಸಿರುತ್ತಾರೆ.

ದೋಣಿಯ ಹಿಂಭಾಗದಲ್ಲೋ ಒಳಮಗ್ಗುಲಲ್ಲೋ ಒಂದು ಸಾಮರ್ಥ್ಯದ ಫಲಕ ಇರುತ್ತದೆ. ಎಷ್ಟು ಜನ, ಎಷ್ಟು ತೂಕ, ಎಷ್ಟು ಹಾರ್ಸ್‌ಪವರ್ ಅಂತ ಅದರಲ್ಲಿದೆ. ನಾಲ್ಕು ಸೀಟು ಹಾಕಿದ ಮಾತ್ರಕ್ಕೆ ಮೂವರ ದೋಣಿ ನಾಲ್ವರದ್ದಾಗುವುದಿಲ್ಲ.

ಬಿಗಿಯುವ ದಾರಿಗಳು

ತೂತೇ ಬೇಡ ಅನ್ನುವವರಿಗೆ ಕ್ಲ್ಯಾಂಪ್ ಇದೆ. ಬೆಂಚಿನ ಹಿಂದು ಮುಂದಿನ ಅಂಚನ್ನು ಕೊಕ್ಕೆಯಂತೆ ಕಚ್ಚಿ, ತಿರುಪು ಬಿಗಿದರೆ ನಿಲ್ಲುತ್ತದೆ. ಕೊಳ್ಳುವ ಮೊದಲು ಬೆಂಚಿನ ಅಗಲ ಅಳೆದುಕೊಳ್ಳಿ, ಅಂಚು ಕೆಳಗೆ ಕೊಕ್ಕೆ ಸಿಕ್ಕುವಂತೆ ಚಾಚಿದೆಯೇ ನೋಡಿ. ಕೊಕ್ಕೆ ಕಬ್ಬಿಣದ್ದಾದರೆ ಅದು ತಗಡಿಗೆ ನೇರ ತಾಗದಂತೆ ಮಧ್ಯೆ ಪ್ಲಾಸ್ಟಿಕ್ ಇಡಿ. ಹಾಲಿನ ಕ್ಯಾನು ಕತ್ತರಿಸಿದ ತುಂಡು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕ್ಲ್ಯಾಂಪು ಅಲ್ಲಾಡಿ ಅಲ್ಲಾಡಿ ಸಡಿಲವಾಗುತ್ತದೆ, ಪ್ರತಿ ಸಲ ನೀರಿಗಿಳಿಸುವ ಮುನ್ನ ಒಂದು ಸುತ್ತು ಬಿಗಿಯಬೇಕು. ವರ್ಷಕ್ಕೆ ನಾಲ್ಕೈದು ಸಲ ಹೋಗುವವರು ಇಲ್ಲಿಗೇ ನಿಲ್ಲಿಸಿ. ನಿಜವಾಗಿ ಹೇಳ್ತೀನಿ, ಇದೇ ಸಾಕು.

ಗಟ್ಟಿಯಾಗಿ ಕೂರಿಸಬೇಕು ಅಂದರೆ ಬೆಂಚಿನ ಮೇಲೊಂದು ಹಲಗೆ, ಹಲಗೆಯ ಮೇಲೆ ಸ್ವಿವೆಲ್, ಅದರ ಮೇಲೆ ಸೀಟು. ಸ್ವಿವೆಲನ್ನು ಸೀದಾ ತಗಡಿಗೆ ಬಿಗಿದರೆ ಮನುಷ್ಯನ ತೂಕವೆಲ್ಲ ನಾಲ್ಕು ತೂತಿನ ಮೇಲೆ ಬಿದ್ದು ತೆಳ್ಳನೆ ತಗಡು ಬಿರುಕು ಬಿಡುತ್ತದೆ. ಹಲಗೆ ಆ ಭಾರವನ್ನು ಹಂಚುತ್ತದೆ.

ಹಲಗೆಗೆ ಯಾವ ಮರ? ನನ್ನ ಗುಳಿಗಳ ಕಥೆ ಇಲ್ಲಿ ಬರುತ್ತದೆ. ಟ್ರೀಟೆಡ್ ಮರ ಕೊಳೆಯದಿರುವುದು ಅದರೊಳಗೆ ಇಳಿಸಿದ ತಾಮ್ರದ ಲವಣದಿಂದ. ಅದರ ಹಸಿರು ಛಾಯೆಯೂ ತಾಮ್ರದ್ದೇ. ನೀರು ಬಿದ್ದಾಗ ಆ ತಾಮ್ರ ಕೆಳಗಿಳಿದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಎರಡು ಬೇರೆ ಲೋಹ, ಮಧ್ಯೆ ನೀರು, ಅಂದರೆ ಒಂದು ಸಣ್ಣ ಬ್ಯಾಟರಿ. ಅದರಲ್ಲಿ ಸವೆಯುವ ಪಾಳಿ ಅಲ್ಯೂಮಿನಿಯಮ್ಮಿನದು. ಆದ್ದರಿಂದ ಟ್ರೀಟೆಡ್ ಮರ ಈ ದೋಣಿಯೊಳಗೆ ಕಾಲಿಡಬಾರದು. ಮುಕ್ಕಾಲು ಇಂಚಿನ ಮೆರೈನ್ ಪ್ಲೈವುಡ್ ತಂದು ಎಪಾಕ್ಸಿ, ಅಂದರೆ ಒಣಗಿದರೆ ಗಟ್ಟಿ ಪ್ಲಾಸ್ಟಿಕ್ಕಿನಂತಾಗುವ ಅಂಟು, ಬಳಿಯಿರಿ. ಇಲ್ಲವೇ ಸ್ಟಾರ್‌ಬೋರ್ಡ್ ಥರದ ದಪ್ಪ ಪ್ಲಾಸ್ಟಿಕ್ ಹಲಗೆ ತನ್ನಿ. ದುಬಾರಿ, ಭಾರ, ಆದರೆ ನೀರಿಗೆ ಜಪ್ಪಯ್ಯ ಅನ್ನುವುದಿಲ್ಲ.

ಹಲಗೆ ತಯಾರಿ

ಹಲಗೆಯನ್ನು ಬೆಂಚಿನ ಅಗಲಕ್ಕೆ ಸರಿಯಾಗಿ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಉಪ್ಪುಕಾಗದ ಹಾಕಿ ತಿಕ್ಕಿ. ಸ್ವಿವೆಲ್ಲಿನ ತೂತುಗಳು ಹೆಚ್ಚಾಗಿ 5 ಇಂಚಿನ ಚೌಕದಲ್ಲಿರುತ್ತವೆ, ಆದರೂ ನಿಮ್ಮದನ್ನೇ ಇಟ್ಟು ಗುರುತು ಹಾಕಿ.

ಪ್ಲೈವುಡ್ಡಿನ ಶತ್ರು ತೂತಿನೊಳಗಿಂದ ಬರುತ್ತಾನೆ. ಮೇಲೆ ಎಷ್ಟು ಎಪಾಕ್ಸಿ ಬಳಿದರೂ ಬೋಲ್ಟಿನ ತೂತು ಬತ್ತಲೆಯಾಗಿದ್ದರೆ ನೀರು ಅಲ್ಲಿಂದ ಪದರಕ್ಕಿಳಿಯುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಬೇಕಾದ್ದಕ್ಕಿಂತ ದೊಡ್ಡ ತೂತು ಹಾಕಿ, ಅದನ್ನು ಗಟ್ಟಿ ಎಪಾಕ್ಸಿಯಿಂದ ಪೂರ್ತಿ ತುಂಬಿ, ಒಣಗಿದ ಮೇಲೆ ನಡುವೆ ಸರಿಯಾದ ಅಳತೆಯ ತೂತು ಕೊರೆಯಿರಿ. ಈಗ ಬೋಲ್ಟಿನ ಸುತ್ತ ಮರವಿಲ್ಲ, ಪ್ಲಾಸ್ಟಿಕ್ಕಿನ ಬಳೆ ಇದೆ. ಬೇಸರದ ಕೆಲಸ ಹೌದು, ಎರಡು ದಿನ ಹಿಡಿಯುತ್ತದೆ. ಆಮೇಲೆ ಎಲ್ಲ ಮುಖಕ್ಕೂ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ಮೂರು ಸಲ ಎಪಾಕ್ಸಿ. ಎಪಾಕ್ಸಿಗೆ ಬಿಸಿಲು ಆಗದು, ಆದ್ದರಿಂದ ಮೇಲೊಂದು ಕೈ ಬಣ್ಣ ಬಳಿಯಿರಿ.

ಸ್ವಿವೆಲನ್ನು ಹಲಗೆಗೆ ಈಗಲೇ ಬಿಗಿದುಬಿಡಿ. ಕಾಲು ಇಂಚಿನ ಸ್ಟೇನ್‌ಲೆಸ್ ಬೋಲ್ಟು, ತಲೆ ಹಲಗೆಯ ಅಡಿಯಲ್ಲಿ ಒಳಕ್ಕೆ ಹುದುಗಿರಲಿ, ಮೇಲೆ ನೈಲಾಕ್ ನಟ್, ಅಂದರೆ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್. ಸ್ಟೇನ್‌ಲೆಸ್ ನಟ್ಟನ್ನು ಮೆಷಿನ್ನಿನಲ್ಲಿ ರೊಯ್ಯನೆ ತಿರುಗಿಸಬೇಡಿ. ಬಿಸಿಯಾಗಿ ಬೋಲ್ಟಿಗೇ ಬೆಸೆದುಕೊಳ್ಳುತ್ತದೆ, ಆಮೇಲೆ ಗರಗಸವೇ ಗತಿ. ಒಂದು ತೊಟ್ಟು ಎಣ್ಣೆ ಅಥವಾ ಆ್ಯಂಟಿ-ಸೀಜ್ ಅನ್ನುವ ಜಿಡ್ಡು ಹಚ್ಚಿ ಕೈಯಲ್ಲೇ ಬಿಗಿಯಿರಿ.

ಬೆಂಚಿಗೆ ತೂತು

ಬೆಂಚಿನ ಅಡಿಗೆ ಕೈ ಹೋಗುವುದಿಲ್ಲ, ಒಳಗೆ ಫೋಮಿದೆ. ಹಾಗಾಗಿ ನಟ್ ಹಿಡಿಯಲು ಆಗದು. ಇಲ್ಲಿ ನೆರವಿಗೆ ಬರುವುದು ರಿವ್‌ನಟ್. ಒಳಗೆ ಮರೆ, ಅಂದರೆ ಸ್ಕ್ರೂವಿಗಿರುವಂಥ ಸುತ್ತುಗೆರೆ, ಇರುವ ಸಣ್ಣ ಕೊಳವೆ ಅದು. ತೂತಿಗೆ ತೂರಿಸಿ ಹಿಡಿಕೆಯ ಉಪಕರಣದಿಂದ ಎಳೆದರೆ ತಗಡಿನ ಹಿಂದೆ ಉಬ್ಬಿ ಕೂರುತ್ತದೆ. ಅಲ್ಯೂಮಿನಿಯಮ್ಮಿನದ್ದೇ ತನ್ನಿ. ಒಂದು ಹಲಗೆಗೆ ಆರು ಸಾಕು.

ತೂತುಗಳು ಬೆಂಚಿನ ಅಂಚಿನ ಮಡಿಕೆಗೆ ಹತ್ತಿರವಿರಲಿ, ಅಲ್ಲಿ ತಗಡು ಗಟ್ಟಿ. ಹಳೇ ರಿವೆಟ್ಟಿಂದ ಒಂದು ಇಂಚಾದರೂ ದೂರ ಇರಲಿ. ಗುರುತು ಹಾಕಿ, ಪಂಚ್ ಇಟ್ಟು ಮೆಲ್ಲಗೆ ಒಂದು ಪೆಟ್ಟು ಕೊಡಿ, ಇಲ್ಲದಿದ್ದರೆ ಡ್ರಿಲ್ಲಿನ ಬಿಟ್ ಜಾರಿ ಗೀರುತ್ತದೆ. ಬಿಟ್ಟಿನ ಸುತ್ತ ಟೇಪ್ ಸುತ್ತಿ ಆಳಕ್ಕೆ ಗಡಿ ಮಾಡಿ. ಕಾಲು ಇಂಚು ಒಳಗೆ ಹೋದರೆ ಬೇಕಾದಷ್ಟಾಯಿತು. ಮೊದಲು ಸಣ್ಣ ಬಿಟ್, ನಂತರ ರಿವ್‌ನಟ್ಟಿನ ಪ್ಯಾಕೆಟ್ ಮೇಲೆ ಬರೆದ ಅಳತೆಯ ಬಿಟ್. ತೂತು ಕೂದಲೆಳೆಯಷ್ಟು ದೊಡ್ಡದಾದರೂ ರಿವ್‌ನಟ್ ಬಿಗಿಯುವಾಗ ಗರಗರ ತಿರುಗುತ್ತದೆ. ಬೇರೆ ತಗಡಿನ ಚೂರಿನ ಮೇಲೆ ಒಂದೆರಡು ಅಭ್ಯಾಸ ಮಾಡಿ.

ತೂತಿನ ಅಂಚನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ತಿರುವಿ ನಯ ಮಾಡಿ. ಉದುರಿದ ಚೂರೆಲ್ಲ ವ್ಯಾಕ್ಯೂಮಿನಿಂದ ಎಳೆಯಿರಿ. ಅಲ್ಯೂಮಿನಿಯಂ ಚೂರು ಅಯಸ್ಕಾಂತಕ್ಕೆ ಬರುವುದಿಲ್ಲ, ಬರಿಗಾಲಿಗೆ ಮಾತ್ರ ತಪ್ಪದೆ ಸಿಗುತ್ತದೆ.

ಈಗ ಸೀಲಂಟ್, ಅಂದರೆ ತೂತಿನಿಂದ ನೀರು ಒಳಗಿಳಿಯದಂತೆ ತಡೆಯುವ ಅಂಟು. ಸ್ನಾನದ ಮನೆಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಆ ವಾಸನೆಯೇ ಆಮ್ಲದ್ದು, ಲೋಹಕ್ಕೆ ಒಳ್ಳೆಯದಲ್ಲ. ಅದು ಅಂಟಿದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯದು. 3ಎಂ 5200 ತುಂಬ ಹೆಸರುವಾಸಿ, ಆದರೆ ಅದು ಶಾಶ್ವತ. ಮುಂದೆ ಹಲಗೆ ಬಿಚ್ಚಬೇಕಾದರೆ ತಗಡೂ ಜೊತೆಗೇ ಬರುತ್ತದೆ. ನನಗೆ ಇಷ್ಟವಾದದ್ದು ಬ್ಯೂಟೈಲ್ ಟೇಪು. ಚಪಾತಿ ಹಿಟ್ಟಿನಂತೆ ಮೆತ್ತಗಿರುತ್ತದೆ, ಗಟ್ಟಿಯಾಗುವುದಿಲ್ಲ, ಬೇಕಾದಾಗ ಬಿಚ್ಚಬಹುದು.

ಹಲಗೆ ತಗಡಿಗೆ ಅಂಟಿ ಕೂರಬಾರದು. ಪ್ರತಿ ತೂತಿನ ಮೇಲೂ ಒಂದು ದಪ್ಪ ನೈಲಾನ್ ವಾಷರ್ ಇಟ್ಟು, ಅದರ ಮೇಲೂ ಕೆಳಗೂ ಬ್ಯೂಟೈಲ್ ಉಂಗುರ ಮಾಡಿ ಹಲಗೆ ಇಡಿ. ಮಧ್ಯೆ ಉಳಿಯುವ ಸಣ್ಣ ಸಂದಿನಲ್ಲಿ ನೀರು ಹರಿದುಹೋಗುತ್ತದೆ, ಗಾಳಿ ಆಡುತ್ತದೆ. ಆ ಬಿಳಿ ಪುಡಿ ಹುಟ್ಟುವುದೇ ಒದ್ದೆ ನಿಂತು ಗಾಳಿ ಸಿಗದ ಕಡೆ. ಬೋಲ್ಟಿನ ಮರೆಗೆ ಟೆಫ್-ಜೆಲ್ ಸವರಿ. ದೊಡ್ಡ ಅಲ್ಯೂಮಿನಿಯಂ ತಗಡಿನಲ್ಲಿ ಸಣ್ಣ ಸ್ಟೇನ್‌ಲೆಸ್ ಬೋಲ್ಟು ಸಿಹಿನೀರಲ್ಲಿ ಅಷ್ಟೇನೂ ಕೇಡಲ್ಲ. ಆದರೂ ಎರಡು ಲೋಹದ ಮಧ್ಯೆ ಈ ಜಿಡ್ಡು ಇದ್ದರೆ ಹತ್ತು ವರ್ಷದ ನಂತರವೂ ಬೋಲ್ಟು ಬಿಚ್ಚಲು ಬರುತ್ತದೆ. ಆರೂ ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಆಮೇಲೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮಾರನೇ ದಿನ ಬ್ಯೂಟೈಲ್ ಹಿಂಡಿಕೊಂಡು ಮತ್ತೊಂದು ಸುತ್ತು ಹಿಡಿಯುತ್ತದೆ.

ಕೊನೆಗೆ ಸೀಟು. ಅದರ ತಳದ ಪ್ಲಾಸ್ಟಿಕ್ಕಿನಲ್ಲಿ ಮರೆಯಿರುವ ಲೋಹದ ಬಿಲ್ಲೆಗಳಿರುತ್ತವೆ. ಜೊತೆಗೆ ಕೊಟ್ಟ ಸ್ಕ್ರೂಗಳನ್ನೇ ಬಳಸಿ. ಉದ್ದದ್ದು ಹಾಕಿದರೆ ಮೆತ್ತೆ ದಾಟಿ ಚುಚ್ಚುತ್ತದೆ, ಎಲ್ಲಿಗೆ ಅಂತ ಹೇಳಬೇಕಾಗಿಲ್ಲ. ಇಲ್ಲೂ ಕೈಯೇ ಸಾಕು. ಇಂಪ್ಯಾಕ್ಟ್ ಮೆಷಿನ್ ಹಿಡಿದರೆ ಬಿಲ್ಲೆ ಒಳಗೇ ತಿರುಗಿಬಿಡುತ್ತದೆ. ಕೂತು, ತಿರುಗಿ, ಜೋರಾಗಿ ಒರಗಿ ನೋಡಿ. ಮೊದಲ ಸಲ ನೀರಿಗಿಳಿಸುವಾಗ ಸೊಂಟದುದ್ದದ ನೀರಲ್ಲೇ ಈ ಎಲ್ಲ ಕಸರತ್ತು ಮುಗಿಸಿಕೊಳ್ಳಿ, ಲೈಫ್ ಜಾಕೆಟ್ ಹಾಕಿಕೊಂಡೇ. ಮಿನೆಸೋಟಾದಲ್ಲಿ 10 ವರ್ಷದೊಳಗಿನ ಮಕ್ಕಳಿಗಂತೂ ದೋಣಿ ಸಾಗುವಾಗ ಅದು ಕಡ್ಡಾಯ.

ಸೀಟು ತೊಳೆಯುವುದು

ಈ ಸೀಟುಗಳ ಹೊದಿಕೆ ವಿನೈಲ್. ಅದಕ್ಕೆ ಬೇಕಾದ್ದು ಪಾತ್ರೆ ಸೋಪಿನ ಕೆಲವು ತೊಟ್ಟು, ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್. ಹೊಲಿಗೆಯ ಸಂದಿಗೆ ಹಳೇ ಟೂತ್‌ಬ್ರಷ್. ತೊಳೆದ ಮೇಲೆ ಸೋಪು ಉಳಿಯದಂತೆ ನೀರು ಹಾಕಿ, ಟವೆಲಿನಿಂದ ಒರೆಸಿ. ಪ್ರೆಷರ್ ವಾಷರ್ ಹಿಡಿಯಬೇಡಿ, ಹೊಲಿಗೆಯ ತೂತಿನಿಂದ ನೀರು ಒಳಗಿನ ಸ್ಪಂಜಿಗೆ ನುಗ್ಗುತ್ತದೆ.

ಬೂಷ್ಟು ಹಿಡಿದಿದ್ದರೆ ಅರ್ಧ ವಿನೆಗರ್ ಅರ್ಧ ನೀರು ಸಿಂಪಡಿಸಿ, ಕಾಲು ಗಂಟೆ ಬಿಟ್ಟು ಉಜ್ಜಿ. ಬ್ಲೀಚ್ ಹಾಕಿದರೆ ಕಪ್ಪು ಚುಕ್ಕೆ ತಕ್ಷಣ ಮಾಯವಾಗುತ್ತದೆ, ಅದಕ್ಕೇ ಜನ ಮರುಳಾಗುವುದು. ಆದರೆ ಹೊಲಿಗೆಯ ದಾರ ಸವೆಯುತ್ತದೆ, ವಿನೈಲ್ ಪೆಡಸಾಗುತ್ತದೆ. ಒಂದು ದಿನ ಕೂತಾಗ ಹೊಲಿಗೆ ಪರ್ ಅಂತ ಬಿಡುತ್ತದೆ. ಮ್ಯಾಜಿಕ್ ಸ್ಪಂಜು ಅನ್ನುವ ಬಿಳಿ ಇಟ್ಟಿಗೆಯೂ ಅಷ್ಟೇ. ಅದು ನಯವಾದ ಉಪ್ಪುಕಾಗದ, ಮೇಲಿನ ಕಾಪಿನ ಪದರವನ್ನೂ ಉಜ್ಜಿ ತೆಗೆಯುತ್ತದೆ. ಗುಲಾಬಿ ಬಣ್ಣದ ಕಲೆ ಕಂಡರೆ ಸುಮ್ನೆ ತಿಕ್ಕಬೇಡಿ. ಅದು ಒಳಗಿನ ಸೂಕ್ಷ್ಮಜೀವಿಗಳ ಬಣ್ಣ ಹೊರಗೆ ಇಳಿದದ್ದು, ಹೋಗುವುದಿಲ್ಲ.

ಇನ್ನು ನಮ್ಮ ಮನೆಯ ವಿಶೇಷ ಕಲೆ: ಚಿತ್ರಾನ್ನ. ಕೆರೆ ನಡುವೆ ಡಬ್ಬಿ ಬಿಚ್ಚಿದರೆ ಅರಿಶಿನ ಸೀಟಿಗೆ ತಾಗದೆ ಇರುತ್ತದೆಯೇ? ಸೋಪು ಹಾಕಿದ ಕೂಡಲೇ ಹಳದಿ ಕಲೆ ಕೆಂಪಾಗುತ್ತದೆ. ಗಾಬರಿ ಬೇಡ, ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವುದೂ ಇದೇ ಗುಣದಿಂದ ಅಲ್ವಾ. ನೀರು ಹಾಕಿ ತೊಳೆದು, ಸೀಟನ್ನು ಬಿಸಿಲಿಗಿಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಒಂದೆರಡು ದಿನದಲ್ಲಿ ಮಾಸುತ್ತದೆ.

ಅದೇ ಬಿಸಿಲು ವಿನೈಲಿಗೂ ಶತ್ರು. ಒಣಗಿದ ಸೀಟಿಗೆ 303 ಥರದ ಬಿಸಿಲು ತಡೆಯುವ ಸ್ಪ್ರೇ ಹೊಡೆದು ಒರೆಸಿ. ಕಾರಿನ ಡ್ಯಾಶ್‌ಬೋರ್ಡಿಗೆ ಹಾಕುವ ಜಿಡ್ಡಿನ ಪಾಲಿಶ್ ಬೇಡ, ಸೀಟು ಜಾರುಬಂಡೆಯಾಗುತ್ತದೆ.

ಕೂತಾಗ ಪಿಚಕ್ ಅಂದು ಪ್ಯಾಂಟು ಒದ್ದೆಯಾದರೆ ಸ್ಪಂಜು ನೀರು ಕುಡಿದಿದೆ. ಸೀಟು ಮಗುಚಿ ತಳದ ತೂತುಗಳು ಕಟ್ಟಿವೆಯೇ ನೋಡಿ, ಕಡ್ಡಿ ಹಾಕಿ ಬಿಡಿಸಿ, ಬಾಗಿಸಿಟ್ಟು ನೀರಿಳಿಸಿ. ಆಗದಿದ್ದರೆ ಮೆತ್ತೆಯ ಪಿನ್ನು ಕಿತ್ತು, ಹೊದಿಕೆ ಬಿಚ್ಚಿ ಸ್ಪಂಜನ್ನು ಬೇರೆಯಾಗಿ ಒಣಗಿಸಿ. ಮತ್ತೆ ಹೊದಿಸುವಾಗ ಸ್ಟೇನ್‌ಲೆಸ್ ಪಿನ್ನೇ ಹೊಡೆಯಿರಿ.

ಚಳಿಗಾಲಕ್ಕೆ

ಕೆರೆಯಿಂದ ಹೊರಟಾಗ ಜೊಂಡು, ಕಳೆ ಕಿತ್ತು, ಬಿರಡೆ ತೆಗೆದು, ನೀರೆಲ್ಲ ಇಳಿಸಿಯೇ ರಸ್ತೆಗೆ ಬರಬೇಕು. ಜೀಬ್ರಾ ಮಸಲ್ ಥರದ ಪರದೇಶಿ ಜೀವಿಗಳು ಕೆರೆಯಿಂದ ಕೆರೆಗೆ ಹರಡದಿರಲಿ ಅಂತ ಮಿನೆಸೋಟಾದಲ್ಲಿ ಇದು ಕಾನೂನು. ಬೆಂಚಿಗೂ ಇದು ಒಳ್ಳೆಯದೇ.

ಅಕ್ಟೋಬರಿನಲ್ಲಿ ದೋಣಿ ಮುಚ್ಚಿಡುವಾಗ ಸೀಟುಗಳನ್ನು ಬಿಚ್ಚಿ ಮನೆಯೊಳಗೆ ತನ್ನಿ. ನಾಲ್ಕು ಸ್ಕ್ರೂ, ಹತ್ತು ನಿಮಿಷ. ಒಂದು ವರ್ಷ ಸೋಮಾರಿತನ ಮಾಡಿ ಟಾರ್ಪಾಲಿನ್ ಅಡಿಯಲ್ಲೇ ಬಿಟ್ಟೆ. ಏಪ್ರಿಲಿನಲ್ಲಿ ಹಿಮ ಕರಗಿದ ಮೇಲೆ ತೆಗೆದರೆ ಮುಂದಿನ ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು, ಸ್ಪಂಜೆಲ್ಲ ಹಾಸಿಗೆ. ಈಗ ಸೀಟುಗಳು ಚಳಿಗಾಲ ಪೂರ್ತಿ ನೆಲಮಾಳಿಗೆಯಲ್ಲಿ, ಟೀವಿ ಎದುರಿಗೆ ಇರುತ್ತವೆ. ಮಗಳು ಅದರಲ್ಲೇ ಕೂತು ಹೋಂವರ್ಕ್ ಮಾಡುತ್ತಾಳೆ. ವಸಂತ ಬಂದಾಗ ವಾಪಸ್ ಕೊಡಲು ತಕರಾರು.